ಸೌಟಿನ ಹೂದಾನಿಯ ಹೊಕ್ಕುಳು

ಊರಿನಲ್ಲಿ ಯಾರ ಮನೆಯ ಅಟ್ಟದಿಂದ ಹಳೆಯ ಗಾಜಿನ ಸಾಮಾನು ಇಳಿದರೂ ಅದು ಕೊನೆಗೆ ಬಂದು ಕೂರುವುದು ನಮ್ಮವರ ಮೇಜಿನ ಮೇಲೆ. ಮಾಡಿದವರ ಮುದ್ರೆ ಇದ್ದರೆ ಅದನ್ನು ಓದಿ ಹೇಳಲು ಯಾರಾದರೂ ಸಾಕು. ಮುದ್ರೆಯಿಲ್ಲ, ಸಹಿಯಿಲ್ಲ, ಚೀಟಿಯಿಲ್ಲ ಎಂಬಂಥ ಅನಾಥ ಗಾಜನ್ನು ಬೆಳಕಿಗೆ ಹಿಡಿದು, ಇದು ಇಂಥ ಕುಲುಮೆಯಲ್ಲಿ ಹುಟ್ಟಿದ್ದು, ಇಂಥ ಕಾಲದ್ದು, ಇಲ್ಲಿ ಒಡೆದಿತ್ತು, ಇಲ್ಲಿ ಅಂಟು ಹಾಕಿ ಮುಚ್ಚಿದ್ದಾರೆ ಎಂದು ಅದರ ಪೂರ್ವಾಪರ ಹೇಳಬಲ್ಲವರು ನನ್ನ ಗಂಡ ಒಬ್ಬರೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ಗಾಜನ್ನೆಲ್ಲ ತೊಳೆದು ಒರೆಸುವವಳು ನಾನು. ಬೋರ್ಡಿನ ಮೇಲೆ ಹೆಸರಿರುವುದು ಅವರದು.

ಅವರಿಗೆ ಎರಡು ನಿಯಮಗಳಿವೆ. ಹೊಕ್ಕುಳು ನೋಡದೆ ಹುಟ್ಟು ಹೇಳಬಾರದು ಎನ್ನುವುದು ಮೊದಲನೆಯದು. ಗಾಜನ್ನು ಬಾಯಿಂದ ಊದಿ ಮಾಡುವವರು ಕೊನೆಯಲ್ಲಿ ಪಾತ್ರೆಯ ಬುಡಕ್ಕೆ ಒಂದು ಕಬ್ಬಿಣದ ಸಲಾಕೆ ಅಂಟಿಸಿಕೊಂಡು ಅದರ ಬಾಯಿ ತಿದ್ದುತ್ತಾರೆ. ಆಮೇಲೆ ಸಲಾಕೆಯನ್ನು ಮುರಿದು ತೆಗೆದಾಗ ಬುಡದಲ್ಲಿ ಒಂದು ಒರಟು ಗಾಯ ಉಳಿಯುತ್ತದೆ. ಅದಕ್ಕೆ ನಮ್ಮವರು ಹೊಕ್ಕುಳು ಅನ್ನುತ್ತಾರೆ. ಅಚ್ಚಿನಲ್ಲಿ ಒತ್ತಿ ತೆಗೆದ ಅಗ್ಗದ ಮಾಲಿಗೆ ಹೊಕ್ಕುಳು ಇರುವುದಿಲ್ಲ. ಅದರ ಬದಲು ಅಚ್ಚಿನ ಎರಡು ಹೋಳು ಕೂಡಿದ ಕಡೆ ಮೈಮೇಲೆ ಒಂದು ಗೆರೆ ಇರುತ್ತದೆ. ಎರಡನೆಯ ನಿಯಮ, ಗಾಜು ಮೊದಲು, ಕಥೆ ಆಮೇಲೆ. ತಂದವರ ಕಥೆ ಕೇಳಿಬಿಟ್ಟರೆ ನೋಡುವ ಕಣ್ಣು ಕೆಡುತ್ತದಂತೆ.

ಇಷ್ಟು ದೊಡ್ಡ ನಿಯಮಗಳ ಮನುಷ್ಯ ಎರಡನ್ನೂ ಒಟ್ಟಿಗೇ ಗಾಳಿಗೆ ತೂರಿದ್ದು ನನ್ನ ಅಮ್ಮನ ಮುಂದೆ.

ಆಗ ನಮಗೆ ಮದುವೆಯಾದ ಹೊಸತು. ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದವಳು ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಹೂದಾನಿಯನ್ನು ತಂದು ಊಟದ ಮೇಜಿನ ಮೇಲಿಟ್ಟಳು. ಜೇನಿನ ಬಣ್ಣದ ಮೈ, ಅದರ ಸುತ್ತ ಬುಡದಿಂದ ಕತ್ತಿನವರೆಗೆ ಸುತ್ತಿಕೊಂಡು ಹತ್ತಿದ ಹಸಿರು ಗಾಜಿನ ಎಳೆ. ಹುಟ್ಟಿದಾಗಿನಿಂದ ಅದನ್ನು ತವರುಮನೆಯ ಕಿಟಕಿಯಲ್ಲಿ ನೋಡಿದ್ದೆ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಅಮ್ಮ ಹೆದರಿಸಿದ್ದ ವಸ್ತು ಅದು.

"ಅಳಿಯಂದಿರೇ, ನಮ್ಮಪ್ಪ ಗಾಜಿನ ಕಾರ್ಖಾನೇಲಿದ್ದಾಗ ಇದನ್ನ ಕೈಯಾರೆ ಮಾಡಿದ್ದು. ದಿನದ ಕೆಲಸ ಮುಗಿದ ಮೇಲೆ ಉಳಿದ ಗಾಜು ಇರುತ್ತಲ್ಲ, ಅದರಲ್ಲಿ. ಅವತ್ತು ನಾನೂ..."

ನಮ್ಮವರು ಮೇಜಿನ ಆ ತುದಿಯಲ್ಲಿ ಊಟ ಮಾಡುತ್ತಿದ್ದರು. ಎದ್ದು ಬರಲಿಲ್ಲ, ಮುಟ್ಟಲಿಲ್ಲ, ಬುಡ ನೋಡಲಿಲ್ಲ. ಬಾಯಲ್ಲಿದ್ದ ತುತ್ತನ್ನು ಒಂದು ಕೆನ್ನೆಗೆ ಸರಿಸಿ ತೀರ್ಪು ಕೊಟ್ಟರು.

"ಅಚ್ಚಿನ ಮಾಲು, ಅತ್ತೆ. ಗೆರೆ ಇಲ್ಲಿಗೇ ಕಾಣ್ತಿದೆಯಲ್ಲ! ಯಾರೋ ನಿಮಗೆ ಕಥೆ ಕಟ್ಟಿ ಹೇಳಿದ್ದಾರೆ. ಪರವಾಗಿಲ್ಲ ಬಿಡಿ, ಸೌಟು ಹಾಕಿಡೋಕೆ ಲಾಯಕ್ಕಾಗಿದೆ."

ಅಮ್ಮ "ಹೌದಾ?" ಎಂದಳು. ಅಷ್ಟೇ. ಟವೆಲ್ಲನ್ನು ನಿಧಾನವಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಎಷ್ಟೋ ವರ್ಷ ಆ ಹೂದಾನಿಯ ಮಾತನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ.

ನನಗೆ ಉರಿದುಹೋಯಿತು. ದೊಡ್ಡವರು ಅಪ್ಪಣೆ ಕೊಡಿಸಿದ ಮೇಲೆ ಇನ್ನೇನು ಎಂದುಕೊಂಡು ಮಾರನೆಯ ದಿನವೇ ಮನೆಯ ಸೌಟು, ಜಾಲರಿ, ಮೊಗಚುವ ಕೈ ಎಲ್ಲವನ್ನೂ ಅದಕ್ಕೆ ತುಂಬಿ ಒಲೆಯ ಪಕ್ಕದಲ್ಲಿಟ್ಟೆ. ದಿನಾ ಕಣ್ಣಿಗೆ ಬಿದ್ದರೆ ಒಂದು ದಿನವಾದರೂ ನಾಚಿಕೆಯಾದೀತು ಎಂದು ನನ್ನ ಲೆಕ್ಕಾಚಾರ. ಆದದ್ದೇ ಬೇರೆ. ಬೆಳಗಿನ ಚಹಾ ನಮ್ಮ ಮನೆಯಲ್ಲಿ ಅವರದೇ ಕೈಯಡುಗೆ. ಸಕ್ಕರೆ ಕಲಕಿದ ಚಮಚವನ್ನು ನಿಂತಲ್ಲಿಂದಲೇ ಹೂದಾನಿಗೆ ಗುರಿಯಿಟ್ಟು ಎಸೆಯುವುದನ್ನು ಅವರು ಕಲಿತರು. ಟಿಣ್! ಗುರಿ ತಪ್ಪದಿದ್ದ ದಿನ ಯುದ್ಧ ಗೆದ್ದ ಕಳೆ ಮುಖದಲ್ಲಿ.

"ಒಂದ್ಸಲ ಅದರ ಹೊಕ್ಕುಳು ನೋಡ್ರೀ" ಎಂದು ನಾನು ಎಷ್ಟು ಸಲ ಹೇಳಿದ್ದೇನೋ. "ನೋಡಿದ್ದಾಯ್ತಲ್ಲ" ಎಂಬುದು ಅವರ ಖಾಯಂ ಉತ್ತರ. ಊರವರ ಗಾಜಿಗೆಲ್ಲ ಭೂತಗನ್ನಡಿ ಹಿಡಿಯುವವರಿಗೆ ಸ್ವಂತ ಅಡುಗೆಮನೆಯ ಗಾಜು ಕಾಣಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಹೀಗೇ ನಮ್ಮ ಕೂದಲು ಬೆಳ್ಳಗಾದವು. ಈಚೆಗೆ ಅಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲಿಗೆ ಬಂದು ಕೆಲವು ದಿನ ಇದ್ದಳು. ಹೊಸ ಕಣ್ಣು ಬಂದ ಹುರುಪಿನಲ್ಲಿ ಮನೆಯ ಮೂಲೆ ಮೂಲೆಯ ಕೊಳೆಯನ್ನೂ ಕಂಡುಹಿಡಿದು ನನಗೆ ತೋರಿಸುವುದೇ ಅವಳ ಕೆಲಸ. ಒಂದು ಮಧ್ಯಾಹ್ನ ಅಡುಗೆಮನೆಗೆ ಹೋದರೆ ಅವಳು ಸೌಟುಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟು, ಹೂದಾನಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಇದನ್ನ ಇನ್ನು ಬಿಸಾಕ್ಬಿಡೇ" ಎಂದಳು.

"ಯಾಕಮ್ಮ?"

"ನಿನ್ನ ಗಂಡ ಹೇಳಿದ್ದೇ ಸರಿ ಇರಬೇಕು. ಅವರು ತಿಳಿದವರು. ನಮ್ಮಪ್ಪ ಇದನ್ನ ಮಾಡಿದ್ದು ನಾನು ಕಣ್ಣಾರೆ ನೋಡಿದೀನಿ ಅಂತಿದ್ದೆ. ಆಗ ಚಿಕ್ಕವಳು. ಏನು ನೋಡಿದ್ನೋ, ಏನು ಕನಸು ಕಂಡಿದ್ನೋ. ಎಷ್ಟು ಯೋಚನೆ ಮಾಡಿದ್ರೂ ಈಗ ನನಗೇ ನಂಬಿಕೆ ಬರ್ತಿಲ್ಲ."

ಅಜ್ಜ ಹೋಗಿ ಯಾವ ಕಾಲವಾಯಿತು! ಅವನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅಮ್ಮನ ಪಾಲಿಗೆ ಅವನು ಉಳಿದಿದ್ದು ಈ ಹೂದಾನಿಯಲ್ಲಿ. ಅನ್ನ ಅಗಿಯುತ್ತಾ ಆಡಿದ ಒಂದು ಮಾತು ಅವಳ ಅಪ್ಪನನ್ನೇ ಅವಳಿಂದ ಕಿತ್ತುಕೊಳ್ಳುತ್ತಿತ್ತು, ಅದನ್ನು ಆಡಿದವರಿಗೆ ಅದರ ಅರಿವೇ ಇಲ್ಲ. ಇನ್ನು ಸುಮ್ಮನಿರುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ.

ನೇರವಾಗಿ ಹೋಗಿ ಕೇಳಿದರೆ ಪ್ರಯೋಜನವಿರಲಿಲ್ಲ. ಹಳೆಯ ತೀರ್ಪನ್ನೇ ಸಾಧಿಸಿದರೆ ಅಮ್ಮನ ಕಥೆ ಅಲ್ಲಿಗೇ ಮುಗಿಯಿತು. ನನ್ನ ಕಾಟಕ್ಕೆ ಹೆದರಿ ಒಳ್ಳೆಯದು ಅಂದುಬಿಟ್ಟರೂ ಕಷ್ಟವೇ, ಅಳಿಯಂದಿರು ಮುಲಾಜಿಗೆ ಹೇಳಿದರು ಎಂದುಕೊಳ್ಳುತ್ತಾಳೆ ಅವಳು. ಯಾರದೆಂದು ಗೊತ್ತಿಲ್ಲದೆ, ಅವರದೇ ನಿಯಮದ ಪ್ರಕಾರ, ಅಮ್ಮನ ಕಣ್ಣೆದುರಿಗೇ ನೋಡಿಸಬೇಕು. ಅದಕ್ಕೆ ಪಕ್ಕದ ಬೀದಿಯ ಹೊಲಿಗೆ ಅಕ್ಕನನ್ನು ಹಿಡಿದೆ. ಅವಳು ಬಟ್ಟೆ ಹೊಲಿಯುವುದಕ್ಕಿಂತ ಮಾತು ಹೊಲಿಯುವುದರಲ್ಲಿ ನಿಸ್ಸೀಮಳು.

"ನನ್ನದು ಅಂತ ತಗೊಂಡು ಹೋಗ್ಬೇಕು, ಅಷ್ಟೇ ತಾನೇ? ಬಿಡು, ಒಂದು ಒಳ್ಳೇ ಕಥೆ ಮಾಡ್ಕೊಂಡೇ ಬರ್ತೀನಿ" ಎಂದಳು.

"ಕಥೆ ಬೇಡ ಅಕ್ಕಾ."

"ಕಥೆ ಇಲ್ದೆ ಸುಳ್ಳು ಹೇಳೋಕಾಗುತ್ತೇನೇ?"

ಹೂದಾನಿಯನ್ನು ಸೋಪು ಹಾಕಿ ತಿಕ್ಕಿದೆ. ಒಳಗಿನ ಮಬ್ಬು ಹೋಗಲಿಲ್ಲ. ಎಷ್ಟೋ ವರ್ಷ ಒದ್ದೆ ಸೌಟು ಹಾಕಿದರೆ ಗಾಜಿಗೂ ಕಣ್ಣಿನ ಪೊರೆ ಬರುತ್ತದೆ. ಸ್ವಲ್ಪ ಅಡುಗೆ ಎಣ್ಣೆ ಸವರಿದೆ, ಫಳಫಳ ಎಂದಿತು. ಅಂಗಡಿಗೆ ಬರುವ ಕಿಲಾಡಿಗಳಿಂದ ಕಲಿತ ವಿದ್ಯೆ ಅದು. ಸೌಟುಗಳನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬಿ ಅದೇ ಜಾಗದಲ್ಲಿಟ್ಟೆ. ಬೆಳಿಗ್ಗೆ ನಮ್ಮವರು ಚಹಾ ಕಲಕಿ ಎಂದಿನಂತೆ ಚಮಚ ಎಸೆದರು. ಠಣ್ ಎಂದಿತು.

"ಸದ್ದು ಯಾಕೋ ಬೇರೆ ಥರ ಬಂತಲ್ಲ" ಎಂದರು.

"ಹೌದಾ?" ಎಂದೆ ನಾನು.

ಲೋಟ ತೆಗೆದುಕೊಂಡು ಹೊರಟೇ ಹೋದರು. ತಿರುಗಿ ನೋಡಲಿಲ್ಲ.

ಹೊತ್ತೇರಿದ ಮೇಲೆ ಅಮ್ಮನನ್ನು, ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀಯ ಎಂದು ಅಂಗಡಿಗೆ ಕರೆತಂದು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಮೇಜಿಗೆ ಚಹಾ, ಬಿಸ್ಕತ್ತು ತಂದಿಟ್ಟೆ. ಅವಳಿಗೆ ಏನೂ ಹೇಳಿರಲಿಲ್ಲ. ಹೇಳಿದ್ದರೆ ಬರುತ್ತಲೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹೊಲಿಗೆ ಅಕ್ಕ ಚೀಲ ಅಪ್ಪಿಕೊಂಡು, ಸತ್ತವರ ಮನೆಗೆ ಬಂದ ಮುಖ ಮಾಡಿಕೊಂಡು ಒಳಗೆ ಬಂದಳು.

"ಅಣ್ಣಾ, ಇದು ನಮ್ಮ ದೊಡ್ಡಪ್ಪಂದು. ಪಾಪ, ಹಡಗಿನಲ್ಲಿದ್ರು, ಒಂದಿನ ಏನಾಯ್ತಪ್ಪಾ ಅಂದ್ರೆ..."

"ಗಾಜು ಮೊದಲು. ಕಥೆ ಆಮೇಲೆ."

"ಸ್ವಲ್ಪಾನೇ ಇದೆ ಅಣ್ಣಾ."

"ಆಮೇಲೆ ಅಂದ್ನಲ್ಲ."

ಅಕ್ಕ ಮುಖ ಊದಿಸಿಕೊಂಡು ಹೂದಾನಿಯನ್ನು ಹೊರತೆಗೆದಳು. ಮೂಲೆಯಲ್ಲಿ ಅಮ್ಮ "ಅಯ್ಯೋ, ಇದು ನಮ್..." ಎಂದು ಬಾಯಿ ತೆರೆದಳು. ನಾನು ಅದರೊಳಗೆ ಒಂದು ಬಿಸ್ಕತ್ತು ತುರುಕಿ, ಕೈ ಹಿಸುಕಿ, ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡೆ. ನಮ್ಮವರು ತಲೆ ಎತ್ತಲಿಲ್ಲ. ಗಾಜು ಕೈಗೆ ಬಂದಮೇಲೆ ಅವರ ಹಿಂದೆ ಮನೆ ಬಿದ್ದರೂ ಅವರಿಗೆ ಗೊತ್ತಾಗುವುದಿಲ್ಲ.

ಮೊದಲು ತಲೆಕೆಳಗು ಮಾಡಿ ಬುಡದ ಮೇಲೆ ಹೆಬ್ಬೆರಳಾಡಿಸಿದರು. ಅವರ ಹುಬ್ಬು ಮೇಲೆ ಹೋಯಿತು.

"ಹೊಕ್ಕುಳು ಇದೆ. ಊದಿದ್ದು. ಮುದ್ರೆ ಹಾಕಿಲ್ಲ, ಅಂದ್ರೆ ಮಾರೋಕೆ ಮಾಡಿದ್ದಲ್ಲ. ಕೆಲಸ ಮುಗಿದ ಮೇಲೆ ಉಳಿದ ಗಾಜಲ್ಲಿ ಮನೆಗೆ ಅಂತ ಮಾಡ್ಕೊಂಡಿರೋದು. ಜೇನು ಬಣ್ಣ ಕುಲುಮೆಯ ಒಂದು ಮಡಕೇದು, ಹಸಿರು ಇನ್ನೊಂದರದ್ದು. ಎರಡರದ್ದೂ ತಳದಲ್ಲಿ ಉಳಿದಿದ್ದು."

ಅಮ್ಮ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದಳು.

"ಅಲ್ಲಾ, ಇಲ್ಲೊಂದು ಗೆರೆ ಇದೆಯಲ್ಲ" ಎಂದೆ ನಾನು, ಏನೂ ತಿಳಿಯದವಳ ಹಾಗೆ. "ಅಚ್ಚಿಂದಲ್ವಾ?"

"ಇಷ್ಟು ವರ್ಷ ಗಾಜು ತೊಳೆದೂ ಇಷ್ಟು ತಿಳಿಯಲ್ವಲ್ಲೇ ನಿನಗೆ! ಅಚ್ಚಿನ ಗೆರೆ ಮೇಲಿಂದ ಬುಡದವರೆಗೂ ನೆಟ್ಟಗೆ ಇಳಿಯುತ್ತೆ. ಇದು ಹೆಗಲಲ್ಲಿ ಶುರುವಾಗಿ ಅರ್ಧಕ್ಕೇ ಮಾಯ ಆಗಿದೆ. ಬಿಸಿಯಿದ್ದಾಗ ಇಕ್ಕಳ ತಾಗಿದ ಗುರುತು. ಇದನ್ನ ನೋಡಿ ಅಚ್ಚು ಅಂದವನು ಕತ್ತೆ."

"ಶುದ್ಧ ಕತ್ತೆ" ಎಂದೆ ನಾನು. ಇಂಥ ಅವಕಾಶ ಜೀವಮಾನದಲ್ಲಿ ಎಷ್ಟು ಸಲ ಬರುತ್ತದೆ?

ಅವರು ಎಳೆಯನ್ನು ಉಗುರಿನಿಂದ ಹಿಂಬಾಲಿಸುತ್ತಾ ಹೋದರು. ನಿಂತರು. ತಮ್ಮ ಬಲಗೈಯಲ್ಲಿ ಗಾಜು ಊದುವ ಕೊಳವೆಯನ್ನು ಹಿಡಿದು ಉರುಳಿಸಿದ ಹಾಗೆ ಮಾಡಿ ನೋಡಿದರು, ಎಡಗೈಯಲ್ಲೂ ಮಾಡಿ ನೋಡಿದರು.

"ಆಹಾ! ನೋಡಿ ಅಕ್ಕಾ ಇಲ್ಲಿ. ಎಲ್ಲಾರ ಎಳೆನೂ ಆ ಕಡೆಗೆ ಹತ್ತಿದ್ರೆ ಇದು ಈ ಕಡೆಗೆ ಹತ್ತಿದೆ. ಮಾಡಿದವನು ಎಡಚ."

"ನಮ್ಮ ದೊಡ್ಡಪ್ಪ ಬಲಗೈಯವರೇ" ಎಂದಳು ಹೊಲಿಗೆ ಅಕ್ಕ, ಪಾತ್ರದೊಳಗೆ ಮುಳುಗಿಹೋಗಿ.

"ಹಾಗಾದ್ರೆ ನಿಮ್ಮ ದೊಡ್ಡಪ್ಪ ಮಾಡಿಲ್ಲ. ಇದನ್ನ ಮಾಡಿದವನು ಎಡಗೈ ಮನುಷ್ಯ. ನನ್ನ ಅಂಗಡಿ ಪಣಕ್ಕಿಡ್ತೀನಿ."

ನಾನು ಅಮ್ಮನ ಕಡೆ ನೋಡಿದೆ. ಅಜ್ಜ ಎಡಚ ಎಂಬುದು ಅಮ್ಮನಿಗೆ ಗೊತ್ತು, ನನಗೆ ಗೊತ್ತು. ನಮ್ಮವರಿಗೆ ಯಾರೂ ಹೇಳಿರಲಿಲ್ಲ. ಅಮ್ಮ ಕನ್ನಡಕ ತೆಗೆದು ಒರೆಸುತ್ತಿದ್ದಳು. ಒರೆಸಬೇಕಾದದ್ದು ಕನ್ನಡಕವಲ್ಲ ಎಂದು ಅವಳಿಗೆ ಆಮೇಲೆ ಹೊಳೆಯಿತು. ಅಷ್ಟು ವರ್ಷ ಕಾದದ್ದು ಸಾರ್ಥಕವಾಯಿತು ಎನಿಸಿತು.

ನಮ್ಮವರಿಗೆ ಮಾತ್ರ ಇನ್ನೂ ತೃಪ್ತಿಯಾಗಿರಲಿಲ್ಲ. ಹೂದಾನಿಯ ನಡುವನ್ನು ದೀಪಕ್ಕೆ ಹಿಡಿದು, ಹೊರಳಿಸಿ, ಮತ್ತೆ ಹೊರಳಿಸಿ ನೋಡಿದರು.

"ಒಂದು ಮಾತ್ರ ಅರ್ಥ ಆಗ್ತಿಲ್ಲ. ಇಲ್ಲಿ ಮೈ ಸ್ವಲ್ಪ ಒಳಗೆ ಸರಿದಿದೆ, ಸೊಂಟದ ಹಾಗೆ. ಉಸಿರು ಮಧ್ಯದಲ್ಲಿ ನಿಂತು ಮತ್ತೆ ಹೊರಟಿದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕೈ ನೋಡಿದ್ರೆ ಪಳಗಿದ ಕೈ. ಅಂಥವನ ಉಸಿರು ಯಾಕೆ ತಡವರಿಸ್ತು? ಗೊತ್ತಾಗ್ತಿಲ್ಲಪ್ಪ."

ಗೊತ್ತಾಗುತ್ತಿಲ್ಲ ಎಂಬ ಮಾತು ಆ ಬಾಯಿಂದ ಬಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

"ಹುಟ್ಟು ಆಯ್ತು. ಈಗ ಸ್ಥಿತಿ" ಎಂದು ಹೂದಾನಿಯ ಬಾಯಿಗೆ ಮೂಗು ಹಾಕಿದರು. "ಥೂ, ಎಣ್ಣೆ! ಒಳಗಿನ ಮಬ್ಬು ಮುಚ್ಚೋಕೆ ನಿನ್ನೆ ಮೊನ್ನೆ ಸವರಿದ್ದಾರೆ. ಅದೂ ಒಗ್ಗರಣೆ ಎಣ್ಣೆ. ಯಾರೋ ಮಹಾ ಕಿಲಾಡಿ ಹೆಂಗಸಿನ ಕೆಲಸ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಕೈಯನ್ನು ಬಟ್ಟೆಗೆ ಒರೆಸಿಕೊಂಡೆ.

ಬೆರಳು ಹಾಕಿ ಒಳಗನ್ನು ಸವರಿದ ನಮ್ಮವರ ಮುಖ ಕೆಂಪಾಯಿತು. "ಅಕ್ಕಾ, ಏನಿಟ್ಟಿದ್ರಿ ಇದರಲ್ಲಿ? ಕಬ್ಬಿಣ, ಸ್ಟೀಲು ಹಾಕಿ ಕೆರೆದಿದ್ದೀರಲ್ಲ! ಸೌಟು ಇಟ್ಟಿದ್ರಾ? ಇಂಥ ವಸ್ತುವಿಗೆ ಸೌಟು ಹಾಕೋ ಬುದ್ಧಿ ಯಾವ ಪುಣ್ಯಾತ್ಮ ಕೊಟ್ಟ ನಿಮಗೆ?"

"ತುಂಬಾ ತಿಳಿದವರೊಬ್ಬರು ಕೊಟ್ಟಿದ್ದು" ಎಂದಳು ಅಕ್ಕ. ಇದು ನಾನು ಹೇಳಿಕೊಟ್ಟದ್ದಲ್ಲ. ಅವಳ ಮೇಲೆ ನನಗೆ ಆ ಕ್ಷಣ ಅಪಾರ ಗೌರವ ಬಂತು.

"ಅವನನ್ನ ಕಂಬಕ್ಕೆ ಕಟ್ಟಬೇಕು. ಇಲ್ಲಿ ನೋಡಿ, ಬಾಯಿ ಅಂಚಿನಲ್ಲಿ ಸಣ್ಣ ಚಕ್ಕೆಗಳು ಹಾರಿವೆ. ಎಲ್ಲಾ ಒಂದೇ ಕಡೆ. ಬಿದ್ದು ಒಡೆದಿದ್ರೆ ಹೀಗಾಗಲ್ಲ. ಯಾರೋ ಒಬ್ಬ ಉದ್ದನೆ ಮನುಷ್ಯ, ಬಲಗೈಯವನು, ಮಹಾ ಸೋಮಾರಿ, ಎರಡು ಹೆಜ್ಜೆ ಬಂದು ಇಡೋಕೆ ಮೈಭಾರ ಅವನಿಗೆ. ದಿನಾ ಒಂದೇ ಜಾಗದಲ್ಲಿ ನಿಂತು ಸಣ್ಣ ಚಮಚ ಎಸೆದಿದ್ದಾನೆ. ಹೇಗೆ ಅಂತ ತೋರಿಸ್ತೀನಿ ಇರಿ."

ನಮ್ಮವರು ಎದ್ದರು. ಮೇಜಿನ ಮೇಲೆ ಹೂದಾನಿ. ಚಹಾ ತಟ್ಟೆಯಲ್ಲಿದ್ದ ಚಮಚವನ್ನು ತೆಗೆದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಮಣಿಕಟ್ಟನ್ನು ಹಗುರಾಗಿ ತಿರುಗಿಸಿದರು. ಕೈ ತಾನಾಗಿಯೇ ಹೋಯಿತು.

ಟಿಣ್.

ಅವರ ಕೈ ಎತ್ತಿದಲ್ಲೇ ಇತ್ತು, ಮುಖದ ಮೇಲೆ ಗುರಿ ತಪ್ಪದ ದಿನದ ಆ ಗೆದ್ದ ಕಳೆ ಮೂಡಿ ಅಲ್ಲೇ ಒಣಗಿತು. ಹೂದಾನಿಯನ್ನು ನೋಡಿದರು. ನನ್ನನ್ನು ನೋಡಿದರು. ಮೂಲೆಯಲ್ಲಿ ಕೂತ ಅಮ್ಮನನ್ನು ನೋಡಿದರು.

"ಇದು ನಮ್ಮ..." ಎಂದರು.

"ಹೌದು. ನಮ್ಮ ಸೌಟಿಂದು" ಎಂದೆ. "ಕಂಬ ಎಲ್ಲಿದೆ ಅಂತ ಹೇಳಿ, ಹಗ್ಗ ನಾನು ತರ್ತೀನಿ."

ಅವರು ಕುರ್ಚಿಯಲ್ಲಿ ಕುಸಿದರು. ಚಮಚವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎತ್ತಿ ಹೊರಗಿಟ್ಟರು. ನಾನು ಇನ್ನೂ ನಾಲ್ಕು ಮಾತು ಸಿದ್ಧಮಾಡಿಟ್ಟಿದ್ದೆ. ವರ್ಷಗಟ್ಟಲೆ ಸಾಣೆ ಹಿಡಿದ ಮಾತುಗಳು. ಅವರ ಮುಖ ನೋಡಿ ಒಂದನ್ನೂ ಆಡಲಾಗಲಿಲ್ಲ, ಪಾಪ ಅನಿಸಿತು. ಆ ಮನುಷ್ಯ ಗಾಜಿನ ವಿಷಯದಲ್ಲಿ ಎಂದೂ ಸುಳ್ಳು ಹೇಳಿದವರಲ್ಲ, ಅವತ್ತು ಊಟದ ಮೇಜಿನಲ್ಲೂ ಸುಳ್ಳು ಹೇಳಿರಲಿಲ್ಲ. ನೋಡಿರಲಿಲ್ಲ, ಅಷ್ಟೇ.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಅಂಗಡಿಯ ಬಾಗಿಲು ಹಾಕಿದರು. ಹೂದಾನಿಯನ್ನು ಎರಡೂ ಕೈಯಲ್ಲಿ ತಂದು ಅಮ್ಮನ ಮಡಿಲಲ್ಲಿಟ್ಟರು. ಒಂದು ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತರು.

"ಅತ್ತೆ, ಗಾಜು ನೋಡಿದ್ದಾಯ್ತು. ಈಗ ಕಥೆ ಹೇಳಿ."

"ನನ್ನ ಕಥೆನೂ ಇತ್ತು" ಎಂದಳು ಹೊಲಿಗೆ ಅಕ್ಕ. ನಾನು ಅವಳಿಗೂ ಒಂದು ಬಿಸ್ಕತ್ತು ಕೊಟ್ಟೆ.

ಅಮ್ಮ ಹೂದಾನಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ಅವತ್ತು ಊಟದ ಮೇಜಿನಲ್ಲಿ ಯಾವ ಮಾತಿಗೆ ಕಡಿದುಹೋಗಿತ್ತೋ ಅದೇ ಮಾತಿನಿಂದ ಶುರುಮಾಡಿದಳು.

"ಅವತ್ತು ನಾನೂ ಹೋಗಿದ್ದೆ, ಅಪ್ಪನಿಗೆ ಬುತ್ತಿ ತಗೊಂಡು. ಮಕ್ಕಳನ್ನ ಒಳಗೆ ಬಿಡೋ ಹಾಗಿರಲಿಲ್ಲ. ಎಲ್ಲಾರೂ ಹೋದ ಮೇಲೆ ಅಪ್ಪ ಕರೆದ್ರು. ಯಾರಿಗೂ ಹೇಳಬೇಡ, ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅಂದ್ರು. ಅದಕ್ಕೇ ಇವಳಿಗೂ ಹೇಳಿಲ್ಲ. ನೀವು ತಿಳಿದವರು, ನಿಮಗೊಬ್ಬರಿಗೆ ಹೇಳೋಣ ಅಂತ ಅವತ್ತು ತಂದಿದ್ದೆ."

"ಏನದು, ಅತ್ತೆ?"

"ಅಪ್ಪ ಕೊಳವೆ ಹಿಡ್ಕೊಂಡು ಉರುಳಿಸ್ತಾ ಇದ್ರು. ಊದಿದ್ದು ನಾನು." ಅಮ್ಮ ಸಂಕೋಚದಿಂದ ನಕ್ಕಳು. "ನನ್ನ ಉಸಿರಿಗೆ ಅಷ್ಟು ದೊಡ್ಡ ಬೆಂಕಿ ಗುಳ್ಳೆ ಉಬ್ಬಿದ್ದು ನೋಡಿ, ಅರ್ಧದಲ್ಲೇ ನಗು ಬಂದ್ಬಿಡ್ತು. ಅಪ್ಪ, ನಿಲ್ಲಿಸಬೇಡ ಮಗಳೇ, ಊದು ಊದು ಅಂದ್ರು. ಮತ್ತೆ ಊದಿದೆ. ಇದೆಲ್ಲ ನಿಜವಾಗಿ ಆಗಿತ್ತಾ ಅಳಿಯಂದಿರೇ, ಇಲ್ಲಾ ನನ್ನ ಭ್ರಮೆನಾ?"

ನಮ್ಮವರು ಮುಂದೆ ಬಾಗಿ ಹೂದಾನಿಯ ಸೊಂಟದ ಮೇಲೆ, ಗಾಜು ಒಳಗೆ ಸರಿದ ಜಾಗದಲ್ಲಿ ಬೆರಳಿಟ್ಟರು.

"ಆಗಿತ್ತು ಅತ್ತೆ. ನೀವು ನಕ್ಕಿದ್ದು ಇಲ್ಲೇ ಇದೆ" ಎಂದರು.

ಅಮ್ಮ ತನ್ನ ಬೆರಳನ್ನೂ ಅಲ್ಲಿಟ್ಟು ಮುಟ್ಟಿ ನೋಡಿದಳು.